ಎಂಡೊಮೆಟ್ರಿಯೋಸಿಸ್: ಬಹುತೇಕ ಎಲ್ಲರಲ್ಲೂ ಹಿಂದಕ್ಕೆ ಹರಿಯುವ ಮುಟ್ಟು ಕೆಲವರಲ್ಲಷ್ಟೇ ಬೇರೂರುವುದೇಕೆ?

ಮುಟ್ಟಿನ ಹೊಟ್ಟೆನೋವಿಗೆ ನಮ್ಮ ಮನೆಗಳಲ್ಲಿ ಕಾರಣಗಳಿಗೆ ಬರವಿಲ್ಲ. ಮೈಯಲ್ಲಿ ಹೀಟು ಹೆಚ್ಚಾಗಿದೆ, ಬೆಳಿಗ್ಗೆ ಸರಿಯಾಗಿ ತಿಂಡಿ ತಿನ್ನುವುದಿಲ್ಲ, ರಾತ್ರಿ ಹನ್ನೆರಡರವರೆಗೆ ಲ್ಯಾಪ್‌ಟಾಪ್ ಮುಂದೆ ಕೂರುತ್ತಾಳೆ, ಹೊರಗಿನ ಊಟ ಜಾಸ್ತಿಯಾಯಿತು, ಮದುವೆ ತಡವಾಯಿತು. ರಾಜಾಜಿನಗರದಲ್ಲಿರುವ ನನ್ನ ಅಕ್ಕನ ಮಗಳ ನೋವಿಗೆ ಹತ್ತು ವರ್ಷಗಳಲ್ಲಿ ಇವೆಲ್ಲವನ್ನೂ ಕಾರಣವೆಂದು ಕೇಳಿಸಿಕೊಂಡಿದ್ದೇವೆ. ಇವುಗಳಲ್ಲಿ ಕೆಲವನ್ನು ಅವಳ ಚಿಕ್ಕಮ್ಮನಾದ ನಾನೇ ಹೇಳಿದ್ದೇನೆ. ಅವಳು ಮೊದಲ ಪಿಯುಸಿಯಲ್ಲಿದ್ದಾಗ ಶುರುವಾದ ನೋವಿಗೆ ಸರಿಯಾದ ಹೆಸರು ಸಿಕ್ಕಿದ್ದು ಅವಳಿಗೆ ಇಪ್ಪತ್ತಾರು ತುಂಬಿದ ಮೇಲೆ. ಅಷ್ಟರಲ್ಲಿ ಅವಳ ಪ್ಲಾಸ್ಟಿಕ್ ಫೈಲಿನಲ್ಲಿ ಐದು ಸ್ಕ್ಯಾನಿಂಗ್ ರಿಪೋರ್ಟುಗಳು, ಮೂತ್ರದ ಸೋಂಕಿಗೆಂದು ಕೊಟ್ಟ ಆ್ಯಂಟಿಬಯಾಟಿಕ್‌ಗಳ ಮೂರು ಚೀಟಿಗಳು, ಗ್ಯಾಸ್ಟ್ರಿಕ್ ಎಂದು ಮಾಡಿಸಿದ ಒಂದು ಎಂಡೊಸ್ಕೋಪಿ, ಮನಸ್ಸಿನ ಒತ್ತಡ ಕಡಿಮೆ ಮಾಡಿಕೊಳ್ಳಿ ಎಂದು ಬರೆದಿದ್ದ ಒಂದು ಸಲಹೆ ಸೇರಿದ್ದವು. ಐದು ಸ್ಕ್ಯಾನಿಂಗ್‌ಗಳಲ್ಲಿ ನಾಲ್ಕು ‘ನಾರ್ಮಲ್’.

ಈ ಲೇಖನ ಆ ಕಾಯಿಲೆಯ ಬಗ್ಗೆ, ವಿಶೇಷವಾಗಿ ಅದರ ಕಾರಣಗಳ ಬಗ್ಗೆ ವೈದ್ಯವಿಜ್ಞಾನ ಇಂದು ಎಲ್ಲಿ ನಿಂತಿದೆ ಎಂಬುದರ ಬಗ್ಗೆ. ಕಾರಣದ ಪ್ರಶ್ನೆಯನ್ನೇ ಆರಿಸಿಕೊಂಡದ್ದಕ್ಕೆ ನನ್ನದೇ ಆದ ಒಂದು ಕಾರಣವಿದೆ. ನೋವಿಗೆ ನಾವು ಮನೆಯಲ್ಲೇ ಒಂದು ಕಾರಣ ಕಟ್ಟಿಕೊಂಡುಬಿಟ್ಟರೆ, ಅದರ ಮುಂದಿನ ಹೆಜ್ಜೆ ಎಂದರೆ ನೋವಿರುವವಳನ್ನು ತಿದ್ದುವುದು, ಪರೀಕ್ಷಿಸುವುದಲ್ಲ. ಹತ್ತು ವರ್ಷ ನಾವು ಮಾಡಿದ್ದು ಅದನ್ನೇ.

ಗರ್ಭಕೋಶದ ಒಳಗೋಡೆಗೆ ಮೆತ್ತಿಕೊಂಡಂತೆ ಇರುವ ಪೊರೆಗೆ ಎಂಡೊಮೆಟ್ರಿಯಂ ಎಂದು ಹೆಸರು. ಪ್ರತಿ ತಿಂಗಳೂ ಈಸ್ಟ್ರೊಜೆನ್ ಹಾರ್ಮೋನಿನ ಪ್ರಭಾವದಿಂದ ಇದು ದಪ್ಪವಾಗಿ ಬೆಳೆಯುತ್ತದೆ, ಗರ್ಭ ನಿಲ್ಲದಿದ್ದರೆ ಕಳಚಿಕೊಂಡು ರಕ್ತದೊಂದಿಗೆ ಹೊರಹೋಗುತ್ತದೆ. ಇದನ್ನೇ ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ, ಅಂದರೆ ಅಂಡಾಶಯದ ಮೇಲೆ, ಹೊಟ್ಟೆಯ ಒಳಭಾಗವನ್ನು ಹೊದ್ದಿರುವ ಉದರಪೊರೆಯ ಮೇಲೆ, ಗರ್ಭಕೋಶ ಮತ್ತು ಗುದನಾಳದ ನಡುವಿನ ಕುಳಿಯಲ್ಲಿ, ಕರುಳಿನ ಅಥವಾ ಮೂತ್ರಕೋಶದ ಗೋಡೆಯ ಮೇಲೆ ಬೆಳೆಯುವುದಕ್ಕೆ ಎಂಡೊಮೆಟ್ರಿಯೋಸಿಸ್ ಎನ್ನುತ್ತಾರೆ. ಅಂಡಾಶಯದೊಳಗೆ ಹೀಗೆ ಬೆಳೆದಾಗ ಹಳೆಯ ರಕ್ತ ಕಟ್ಟಿಕೊಂಡು ಕಂದು ಬಣ್ಣದ ದಪ್ಪ ದ್ರವ ತುಂಬಿದ ಗಂಟಾಗುತ್ತದೆ. ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ‘ಚಾಕೊಲೇಟ್ ಸಿಸ್ಟ್’ ಎಂದು ಕೇಳಿಬರುವುದು ಇದೇ. ಗರ್ಭಕೋಶದ ಸ್ನಾಯುವಿನೊಳಗೇ ಆ ಪೊರೆ ನುಗ್ಗಿ ಬೆಳೆಯುವ ಅಡಿನೊಮಯೋಸಿಸ್ ಇದರ ಹತ್ತಿರದ ಸಂಬಂಧಿಯಾದರೂ ಬೇರೆ ಕಾಯಿಲೆ, ಎರಡೂ ಒಟ್ಟಿಗೇ ಇರುವವರು ಅನೇಕರು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮುಟ್ಟಾಗುವ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ 10ರಷ್ಟು, ಎಂದರೆ ಜಗತ್ತಿನಾದ್ಯಂತ ಸುಮಾರು 19 ಕೋಟಿ ಮಂದಿಗೆ ಈ ಕಾಯಿಲೆ ಇದೆ. ನಮ್ಮ ಮೆಟ್ರೊದ ಮಹಿಳೆಯರ ಬೋಗಿಯಲ್ಲಿ ಬೆಳಗಿನ ಹೊತ್ತು ನಿಂತು ಒಂದೆರಡು ಸಾಲು ಎಣಿಸಿದರೆ ಈ ಸಂಖ್ಯೆ ಎಷ್ಟು ಹತ್ತಿರದ್ದು ಎಂಬುದು ಅರಿವಾಗುತ್ತದೆ.

ಈ ಅಂಗಾಂಶ ಗರ್ಭಕೋಶ ಬಿಟ್ಟು ಹೊರಗೆ ಬಂದದ್ದಾದರೂ ಹೇಗೆ? 1860ರಲ್ಲಿ ವಿಯೆನ್ನಾದ ರೋಗಶಾಸ್ತ್ರಜ್ಞ ಕಾರ್ಲ್ ವಾನ್ ರೊಕಿಟಾನ್ಸ್ಕಿ ಇಂಥ ಬೆಳವಣಿಗೆಯನ್ನು ವಿವರಿಸಿದ್ದರಾದರೂ ಈ ಪ್ರಶ್ನೆಗೆ ಗಟ್ಟಿಯಾದ ಮೊದಲ ಉತ್ತರ ಕೊಟ್ಟವರು ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ಸ್ತ್ರೀರೋಗ ತಜ್ಞ ಜಾನ್ ಸ್ಯಾಂಪ್ಸನ್. ಮುಟ್ಟಿನ ರಕ್ತವೆಲ್ಲ ಕೆಳಕ್ಕೇ ಹರಿಯುವುದಿಲ್ಲ, ಸ್ವಲ್ಪ ಭಾಗ ಅಂಡನಾಳಗಳ ಮೂಲಕ ಹಿಮ್ಮುಖವಾಗಿ ಹೊಟ್ಟೆಯ ಕುಹರಕ್ಕೆ ಸೇರುತ್ತದೆ, ಆ ರಕ್ತದಲ್ಲಿ ತೇಲಿ ಬಂದ ಜೀವಂತ ಕೋಶಗಳು ಅಲ್ಲಿ ಕಚ್ಚಿಕೊಂಡು ಬೆಳೆಯುತ್ತವೆ ಎಂದು 1920ರ ದಶಕದಲ್ಲಿ ಅವರು ಮಂಡಿಸಿದರು. ಸುಮಾರು ನೂರು ವರ್ಷಗಳಾದರೂ ಈ ವಿವರಣೆ ಕೈಬಿಟ್ಟುಹೋಗಿಲ್ಲ, ಅದಕ್ಕೆ ಪೂರಕವಾದ ಪುರಾವೆಗಳೂ ಸಾಕಷ್ಟಿವೆ. ಹುಟ್ಟಿನಿಂದಲೇ ಯೋನಿಮಾರ್ಗ ಮುಚ್ಚಿಕೊಂಡಿದ್ದು ರಕ್ತ ಹೊರಬರಲು ದಾರಿಯಿಲ್ಲದ ಹುಡುಗಿಯರಲ್ಲಿ ಈ ಕಾಯಿಲೆ ಹೆಚ್ಚು. ಬೇಗ ಮೈನೆರೆದವರು, ಋತುಚಕ್ರದ ಅವಧಿ ಚಿಕ್ಕದಾಗಿರುವವರು, ಹೆಚ್ಚು ರಕ್ತಸ್ರಾವವಿರುವವರು, ಎಂದರೆ ಒಟ್ಟಾರೆ ಹೆಚ್ಚು ಸಲ ಹೆಚ್ಚು ರಕ್ತ ಹಿಂದಕ್ಕೆ ಹರಿಯುವ ಸಾಧ್ಯತೆ ಇರುವವರಲ್ಲಿಯೂ ಅಪಾಯ ಹೆಚ್ಚು. ಸಿಸೇರಿಯನ್ ಆದ ಕೆಲವರಿಗೆ ಹೊಲಿಗೆಯ ಗಾಯದ ಕಲೆಯಲ್ಲೇ ಈ ಅಂಗಾಂಶ ಬೆಳೆದು ಪ್ರತಿ ತಿಂಗಳೂ ಆ ಜಾಗ ಊದಿಕೊಂಡು ನೋಯುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ಅಲ್ಲಿಗೆ ಬಿದ್ದ ಕೋಶಗಳು ಬೇರೂರಿದವು ಎನ್ನುವುದಕ್ಕಿಂತ ಸರಳವಾದ ವಿವರಣೆ ಇದಕ್ಕೆ ಇಲ್ಲ. ಮನುಷ್ಯರಂತೆ ಮುಟ್ಟಾಗುವ ಬಬೂನ್ ಮತ್ತು ರೀಸಸ್ ಕೋತಿಗಳಲ್ಲಿ ಈ ಕಾಯಿಲೆ ತಾನಾಗಿಯೇ ಕಾಣಿಸಿಕೊಳ್ಳುತ್ತದೆ ಎಂಬುದೂ ಇದೇ ದಿಕ್ಕಿನ ಸಾಕ್ಷ್ಯ.

ಆದರೆ ಸ್ಯಾಂಪ್ಸನ್ ಅವರ ವಿವರಣೆಯಲ್ಲಿ ಒಂದು ದೊಡ್ಡ ಬಿರುಕಿದೆ. 1980ರ ದಶಕದಲ್ಲಿ, ಮುಟ್ಟಿನ ಆಸುಪಾಸಿನ ದಿನಗಳಲ್ಲಿ ಲ್ಯಾಪರೊಸ್ಕೋಪಿ (ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ದರ್ಶಕ ನಳಿಕೆಯಿಂದ ಒಳಗೆ ನೋಡುವ ಶಸ್ತ್ರಕ್ರಿಯೆ) ಮಾಡಿಸಿಕೊಂಡ ಮಹಿಳೆಯರ ಹೊಟ್ಟೆಯೊಳಗಿನ ದ್ರವವನ್ನು ಪರೀಕ್ಷಿಸಿದಾಗ, ಅಂಡನಾಳಗಳು ತೆರೆದಿದ್ದವರಲ್ಲಿ ಸುಮಾರು ಶೇ 90ರಷ್ಟು ಮಂದಿಯ ದ್ರವದಲ್ಲಿ ರಕ್ತ ಕಂಡುಬಂತು. ಅಂದರೆ ಮುಟ್ಟು ಹಿಂದಕ್ಕೆ ಹರಿಯುವುದು ರೋಗವಲ್ಲ, ಅದು ಬಹುತೇಕ ಎಲ್ಲ ಹೆಣ್ಣುಮಕ್ಕಳಲ್ಲೂ ನಡೆಯುವ ಸಹಜ ಕ್ರಿಯೆ. ಹಾಗಿದ್ದರೆ ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಅಲ್ಲೇ ಕರಗಿ ಹೋಗುವ ಕೋಶಗಳು ಹತ್ತನೆಯವಳಲ್ಲಿ ಮಾತ್ರ ಬದುಕುಳಿದು, ರಕ್ತನಾಳಗಳನ್ನು ಎಳೆದುಕೊಂಡು, ನರತಂತುಗಳನ್ನು ಬೆಳೆಸಿಕೊಂಡು ಅಲ್ಲೇ ಬಿಡಾರ ಹೂಡುವುದೇಕೆ? ಇತ್ತೀಚಿನ ನಲವತ್ತು ವರ್ಷಗಳ ಸಂಶೋಧನೆಯ ಬಹುಪಾಲು ಈ ಒಂದು ಪ್ರಶ್ನೆಯ ಸುತ್ತಲೇ ಸುತ್ತುತ್ತಿದೆ. ಇದರ ಬೇಸಾಯದ ಅರ್ಥ ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತದೆ: ಬಿತ್ತನೆ ಎಲ್ಲ ಹೊಲದಲ್ಲೂ ಆಗಿದೆ, ಮೊಳಕೆ ಬಂದಿರುವುದು ಒಂದರಲ್ಲಿ ಮಾತ್ರ ಎಂದಾಗ ನೋಡಬೇಕಾದದ್ದು ಬೀಜದ ಗುಣ, ಮಣ್ಣಿನ ಗುಣ ಎರಡನ್ನೂ.

ಮೊದಲು ಮಣ್ಣು. ಹೊಟ್ಟೆಯ ಕುಹರದಲ್ಲಿ ಬೇಡದ ಕೋಶಗಳನ್ನು ಗುಡಿಸಿ ಹಾಕುವ ಕೆಲಸ ರೋಗನಿರೋಧಕ ವ್ಯವಸ್ಥೆಯದು. ಎಂಡೊಮೆಟ್ರಿಯೋಸಿಸ್ ಇರುವವರಲ್ಲಿ ಇಂಥ ಕೋಶಗಳನ್ನು ಕೊಲ್ಲಬೇಕಾದ ಸಹಜ ಮಾರಕ ಕೋಶಗಳ ಚುರುಕು ಕಡಿಮೆಯಾಗಿರುವುದನ್ನೂ, ಕಸ ನುಂಗಬೇಕಾದ ಮ್ಯಾಕ್ರೊಫೇಜ್ ಕೋಶಗಳು ಅದನ್ನು ನುಂಗುವ ಬದಲು ಉರಿಯೂತದ ರಾಸಾಯನಿಕಗಳನ್ನು ಸ್ರವಿಸಿ ಅಲ್ಲಿ ಹೊಸ ರಕ್ತನಾಳ ಬೆಳೆಯಲು ನೆರವಾಗುವುದನ್ನೂ ಅನೇಕ ಅಧ್ಯಯನಗಳು ತೋರಿಸಿವೆ. ಈ ವೈಪರೀತ್ಯ ಕಾಯಿಲೆಗೆ ಕಾರಣವೋ ಕಾಯಿಲೆಯ ಪರಿಣಾಮವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಎರಡೂ ಒಂದನ್ನೊಂದು ಪೋಷಿಸುತ್ತಿರಬಹುದು ಎಂಬುದೇ ನನಗೆ ಹೆಚ್ಚು ಒಪ್ಪಿಗೆಯಾಗುವ ಮಾತು.

ಇನ್ನು ಬೀಜದ ಗುಣ. ಹೊರಗೆ ಬೇರೂರಿದ ಈ ಅಂಗಾಂಶ ಗರ್ಭಕೋಶದೊಳಗಿನ ಪೊರೆಯ ತದ್ರೂಪವಲ್ಲ. ಸಾಮಾನ್ಯ ಪೊರೆ ಅಂಡಾಶಯದಿಂದ ಬರುವ ಈಸ್ಟ್ರೊಜೆನ್ ಅನ್ನು ನೆಚ್ಚಿಕೊಂಡಿರುತ್ತದೆ. ಈ ಅಂಗಾಂಶವಾದರೋ ಅರೊಮಾಟೇಸ್ ಎಂಬ ಕಿಣ್ವದ ಸಹಾಯದಿಂದ ತನಗೆ ಬೇಕಾದ ಈಸ್ಟ್ರೊಜೆನ್ ಅನ್ನು ಇದ್ದಲ್ಲೇ ತಯಾರಿಸಿಕೊಳ್ಳಬಲ್ಲದು. ಆ ಈಸ್ಟ್ರೊಜೆನ್ ಪ್ರೊಸ್ಟಾಗ್ಲಾಂಡಿನ್ ಎಂಬ ಉರಿಯೂತಕಾರಕವನ್ನು ಹೆಚ್ಚಿಸುತ್ತದೆ, ಪ್ರೊಸ್ಟಾಗ್ಲಾಂಡಿನ್ ಮತ್ತೆ ಅರೊಮಾಟೇಸನ್ನು ಹೆಚ್ಚಿಸುತ್ತದೆ. ಬೆಳವಣಿಗೆಗೆ ಕಡಿವಾಣ ಹಾಕಬೇಕಾದ ಪ್ರೊಜೆಸ್ಟರಾನ್ ಹಾರ್ಮೋನಿನ ಮಾತನ್ನು ಈ ಅಂಗಾಂಶ ಸರಿಯಾಗಿ ಕೇಳುವುದೂ ಇಲ್ಲ. ಪ್ರೊಜೆಸ್ಟರಾನ್ ಮಾದರಿಯ ಮಾತ್ರೆಗಳು ಬಹಳಷ್ಟು ಜನರಿಗೆ ಉಪಶಮನ ಕೊಟ್ಟರೂ ಕೆಲವರಿಗೆ ನಾಟದೆ ಹೋಗುವುದಕ್ಕೆ ಇದು ಒಂದು ಕಾರಣ.

ವಂಶವಾಹಿಯ ಪಾತ್ರದ ಬಗ್ಗೆ ನಮ್ಮಲ್ಲಿ ಮಾತು ತೀರಾ ಕಡಿಮೆ, ಆದರೆ ಪುರಾವೆ ಇಲ್ಲಿಯೇ ಹೆಚ್ಚು ಬಲವಾಗಿದೆ. ಆಸ್ಟ್ರೇಲಿಯಾ ಮತ್ತು ಸ್ವೀಡನ್‌ಗಳಲ್ಲಿ ಅವಳಿ ಸೋದರಿಯರ ಮೇಲೆ ನಡೆದ ಅಧ್ಯಯನಗಳು, ಈ ಕಾಯಿಲೆ ಯಾರಿಗೆ ಬರುತ್ತದೆ ಎಂಬ ವ್ಯತ್ಯಾಸದ ಸರಿಸುಮಾರು ಅರ್ಧಭಾಗಕ್ಕೆ ವಂಶವಾಹಿಗಳೇ ಕಾರಣವೆಂದು ಅಂದಾಜಿಸಿವೆ. 2023ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನ 60 ಸಾವಿರಕ್ಕೂ ಹೆಚ್ಚು ರೋಗಿಗಳ ಮತ್ತು ರೋಗವಿಲ್ಲದ 7 ಲಕ್ಷಕ್ಕೂ ಹೆಚ್ಚು ಮಹಿಳೆಯರ ವಂಶವಾಹಿ ಮಾಹಿತಿಯನ್ನು ಹೋಲಿಸಿ, ಜೀನೋಮಿನ 42 ತಾಣಗಳನ್ನು ಈ ಕಾಯಿಲೆಯೊಂದಿಗೆ ತಳಕು ಹಾಕಿತು. ಅವುಗಳಲ್ಲಿ ಹಲವು ನೋವಿನ ಗ್ರಹಿಕೆಗೆ ಸಂಬಂಧಿಸಿದವು; ಮೈಗ್ರೇನ್, ಬೆನ್ನುನೋವಿನಂಥ ತೊಂದರೆಗಳೊಂದಿಗೂ ಹಂಚಿಕೊಂಡಂಥವು. ತಲೆನೋವು, ಸೊಂಟನೋವು, ಹೊಟ್ಟೆನೋವು ಮೂರನ್ನೂ ಹೇಳುವ ಹುಡುಗಿಯನ್ನು ‘ಇವಳಿಗೆ ದಿನಾ ಒಂದೊಂದು ನೋವು’ ಎಂದು ಬದಿಗೆ ಸರಿಸುವ ಮುನ್ನ ಈ ಸಂಗತಿಯನ್ನು ನೆನೆಯಬೇಕು. ಆ ಅಧ್ಯಯನದಲ್ಲಿದ್ದವರು ಐರೋಪ್ಯ ಮತ್ತು ಪೂರ್ವ ಏಷ್ಯಾ ಮೂಲದ ಮಹಿಳೆಯರು. ಭಾರತೀಯ ಮಹಿಳೆಯರ ವಂಶವಾಹಿ ಮತ್ತು ರೋಗಲಕ್ಷಣಗಳನ್ನು ಅಧ್ಯಯನ ಮಾಡುವ ಪ್ರಯತ್ನ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಂಬೈ ಸಂಸ್ಥೆಯ ನೇತೃತ್ವದಲ್ಲಿ ಆರಂಭವಾಗಿರುವುದು ಈ ಕಾರಣಕ್ಕೇ ಮುಖ್ಯ.

ವಂಶವಾಹಿ ಎಂದರೆ ಹುಟ್ಟಿನಿಂದ ಬಂದದ್ದು ಮಾತ್ರವಲ್ಲ. ಕರುಳಿನಂಥ ಅಂಗಗಳೊಳಕ್ಕೆ ಆಳವಾಗಿ ಇಳಿದ ಎಂಡೊಮೆಟ್ರಿಯೋಸಿಸ್ ಅಂಗಾಂಶದಲ್ಲಿ, ಕ್ಯಾನ್ಸರ್‌ಗಳಲ್ಲಿ ಕಾಣಸಿಗುವಂಥ ಕೆಲವು ವಂಶವಾಹಿ ರೂಪಾಂತರಗಳು ಇರುವುದನ್ನು 2017ರಲ್ಲಿ ಸಂಶೋಧಕರು ಪ್ರಕಟಿಸಿದರು. ಇದನ್ನು ಓದಿ ಗಾಬರಿಪಡುವ ಅಗತ್ಯವಿಲ್ಲ. ಆ ಅಂಗಾಂಶ ಕ್ಯಾನ್ಸರ್ ಆಗಿರಲಿಲ್ಲ, ಇಂಥದೇ ರೂಪಾಂತರಗಳು ಆರೋಗ್ಯವಂತರ ಗರ್ಭಕೋಶದ ಪೊರೆಯಲ್ಲೂ ಇರುತ್ತವೆ ಎಂಬುದು ಆಮೇಲೆ ತಿಳಿದುಬಂತು. ಎಂಡೊಮೆಟ್ರಿಯೋಸಿಸ್ ಇರುವವರಲ್ಲಿ ಅಂಡಾಶಯದ ಕ್ಯಾನ್ಸರಿನ ಸಾಧ್ಯತೆ ಉಳಿದವರಿಗಿಂತ ಸ್ವಲ್ಪ ಹೆಚ್ಚು ಎಂಬುದು ನಿಜ, ಆದರೂ ಬಹುಪಾಲು ಮಂದಿಗೆ ಅದು ಎಂದೂ ಬರುವುದಿಲ್ಲ. ಇಲ್ಲಿ ಗಮನಿಸಬೇಕಾದದ್ದು ಬೇರೆ: ಪರಕೀಯ ನೆಲದಲ್ಲೂ ಬದುಕಬಲ್ಲ ಗಟ್ಟಿತನ ಕೆಲವು ಕೋಶಗಳಿಗೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಇದು ಒಂದು ಸುಳಿವು.

ಹಿಮ್ಮುಖ ಹರಿವಿನಿಂದ ವಿವರಿಸಲಾಗದ ಸಂಗತಿಗಳೂ ಇವೆ. ಅಪರೂಪಕ್ಕೆ ಈ ಅಂಗಾಂಶ ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ವಪೆಯ ಮೇಲೆ, ಶ್ವಾಸಕೋಶದ ಪೊರೆಯ ಮೇಲೆ ಬೆಳೆದು, ಮುಟ್ಟಾದಾಗಲೆಲ್ಲ ಎದೆನೋವು ಬರುವ, ಶ್ವಾಸಕೋಶ ಕುಸಿಯುವ ರೋಗಿಗಳಿದ್ದಾರೆ. ಪ್ರೊಸ್ಟೇಟ್ ಕ್ಯಾನ್ಸರಿಗೆ ಹೆಚ್ಚಿನ ಪ್ರಮಾಣದ ಈಸ್ಟ್ರೊಜೆನ್ ಚಿಕಿತ್ಸೆ ಪಡೆದ ಕೆಲವೇ ಕೆಲವು ಗಂಡಸರಲ್ಲೂ ಇದು ವರದಿಯಾಗಿದೆ. ಗಂಡಸರಿಗೆ ಮುಟ್ಟೇ ಇಲ್ಲವಾದ್ದರಿಂದ ಹಿಂದಕ್ಕೆ ಹರಿಯುವ ಪ್ರಶ್ನೆಯೇ ಬರುವುದಿಲ್ಲ. ಇಂಥವನ್ನು ವಿವರಿಸಲು ವಿಜ್ಞಾನಿಗಳು ಬೇರೆ ದಾರಿಗಳನ್ನು ಮುಂದಿಡುತ್ತಾರೆ. ಕೋಶಗಳು ರಕ್ತನಾಳ ಮತ್ತು ದುಗ್ಧನಾಳಗಳ ಮೂಲಕ ದೂರಕ್ಕೆ ಸಾಗಿರಬಹುದು; ಉದರಪೊರೆಯ ಕೋಶಗಳೇ ಹಾರ್ಮೋನಿನ ಪ್ರಚೋದನೆಯಿಂದ ರೂಪ ಬದಲಿಸಿಕೊಂಡಿರಬಹುದು; ಭ್ರೂಣದಲ್ಲಿ ಗರ್ಭಕೋಶ ರೂಪುಗೊಳ್ಳುವಾಗ ಅಕ್ಕಪಕ್ಕ ಉಳಿದುಹೋದ ಕೋಶಗಳು ಮೈನೆರೆದ ಮೇಲೆ ಎಚ್ಚರಗೊಂಡಿರಬಹುದು. ಇವುಗಳಲ್ಲಿ ಒಂದನ್ನು ಗೆಲ್ಲಿಸಿ ಉಳಿದವನ್ನು ಸೋಲಿಸಬೇಕಾದ ಅಗತ್ಯವಿಲ್ಲ. ಉದರಪೊರೆಯ ಮೇಲಿನ ಚುಕ್ಕೆಗಳು, ಅಂಡಾಶಯದ ಗಂಟು, ಆಳಕ್ಕಿಳಿದ ಗಡ್ಡೆ ಇವು ಮೂರೂ ಒಂದೇ ಹೆಸರಿನಡಿ ಇರುವ ಬೇರೆ ಬೇರೆ ಹುಟ್ಟಿನ ಕಾಯಿಲೆಗಳಾಗಿರುವ ಸಾಧ್ಯತೆಯನ್ನು ತಜ್ಞರು ಗಂಭೀರವಾಗಿಯೇ ಚರ್ಚಿಸುತ್ತಿದ್ದಾರೆ.

ತೀರಾ ಈಚೆಗೆ ಎಲ್ಲರ ಗಮನ ಸೆಳೆದದ್ದು ಬ್ಯಾಕ್ಟೀರಿಯಾದ ಕತೆ. 2023ರಲ್ಲಿ ಜಪಾನಿನ ನಾಗೊಯಾ ವಿಶ್ವವಿದ್ಯಾಲಯದ ತಂಡವೊಂದು, ಎಂಡೊಮೆಟ್ರಿಯೋಸಿಸ್ ಇದ್ದ ಮಹಿಳೆಯರಲ್ಲಿ ಶೇ 64ರಷ್ಟು ಮಂದಿಯ ಗರ್ಭಕೋಶದ ಪೊರೆಯಲ್ಲಿ ಫ್ಯೂಸೊಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಜೀವಿ ಇರುವುದನ್ನು, ಕಾಯಿಲೆಯಿಲ್ಲದವರಲ್ಲಿ ಅದರ ಪ್ರಮಾಣ ಶೇ 10ಕ್ಕಿಂತ ಕಡಿಮೆ ಇರುವುದನ್ನು ವರದಿ ಮಾಡಿತು. ಇಲಿಗಳಿಗೆ ಆ್ಯಂಟಿಬಯಾಟಿಕ್ ಕೊಟ್ಟಾಗ ಗಾಯಗಳು ಕುಗ್ಗಿದವು. ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ವೇಗದಲ್ಲಿ ವಿಜ್ಞಾನ ಸಾಗುವುದಿಲ್ಲ. ಆ ಅಧ್ಯಯನದಲ್ಲಿದ್ದವರು ನೂರೈವತ್ತರಷ್ಟು ಮಹಿಳೆಯರು ಮಾತ್ರ, ಮನುಷ್ಯರಲ್ಲಿ ಇದು ಕಾರಣವೆಂದು ಸಾಬೀತಾಗಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಆ್ಯಂಟಿಬಯಾಟಿಕ್ ಸಿಗುವ ನಮ್ಮ ಊರಿನಲ್ಲಿ ಈ ಮಾತನ್ನು ಒತ್ತಿ ಹೇಳಲೇಬೇಕು: ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ನುಂಗಬಾರದು. ಡಯಾಕ್ಸಿನ್‌ನಂಥ ಪರಿಸರದ ವಿಷಗಳ ಮೇಲಿನ ಅನುಮಾನವೂ ಇದೇ ಸ್ಥಿತಿಯಲ್ಲಿದೆ. 1993ರಲ್ಲಿ ಕೋತಿಗಳ ಮೇಲಿನ ಪ್ರಯೋಗದಲ್ಲಿ ಸಂಬಂಧ ಕಂಡರೂ ಮನುಷ್ಯರ ಅಧ್ಯಯನಗಳು ಒಂದೇ ದನಿಯಲ್ಲಿ ಮಾತಾಡುತ್ತಿಲ್ಲ.

ಹೀಟು, ಹೊರಗಿನ ಊಟ, ನಿದ್ದೆಗೇಡು ಇವು ಈ ಕಾಯಿಲೆಯನ್ನು ಹುಟ್ಟಿಸುತ್ತವೆ ಎನ್ನಲು ಆಧಾರವಿಲ್ಲ. ಮದುವೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕಾದದ್ದು. ಮಕ್ಕಳಾಗದವರಲ್ಲಿ ಈ ಕಾಯಿಲೆ ಹೆಚ್ಚಾಗಿ ಕಂಡುಬರುತ್ತದೆ ಎಂಬ ಅಂಕಿಅಂಶ ಇದೆ. ಆದರೆ ಈ ಕಾಯಿಲೆಯೇ ಗರ್ಭಧಾರಣೆಗೆ ತೊಡಕು ಮಾಡುತ್ತದೆ ಎಂಬುದನ್ನು ಮರೆತು ಆ ಅಂಕಿಯನ್ನು ಓದಿದರೆ ಕಾರಣವೂ ಪರಿಣಾಮವೂ ಅದಲುಬದಲಾಗುತ್ತವೆ. ಇದು ಇರುವ ಮಹಿಳೆಯರಲ್ಲಿ ಶೇ 30ರಿಂದ 50ರಷ್ಟು ಮಂದಿಗೆ ಗರ್ಭ ಧರಿಸಲು ತೊಂದರೆಯಾಗುತ್ತದೆ ಎಂಬುದು ಸಾಮಾನ್ಯವಾಗಿ ಉಲ್ಲೇಖವಾಗುವ ಅಂದಾಜು; ಸಹಜವಾಗಿಯೇ ತಾಯಂದಿರಾದವರೂ ಬಹಳ. ಬಸುರಿನ ತಿಂಗಳುಗಳಲ್ಲಿ ಮುಟ್ಟು ನಿಲ್ಲುವುದರಿಂದ ಕೆಲವರಿಗೆ ನೋವು ತಗ್ಗುತ್ತದೆ, ಮತ್ತೆ ಮುಟ್ಟು ಶುರುವಾದಾಗ ಮರಳಬಹುದು. ‘ಒಂದು ಮಗು ಆದರೆ ಎಲ್ಲ ಸರಿಹೋಗುತ್ತದೆ’ ಎಂದು ಇಪ್ಪತ್ತೆರಡು ವರ್ಷದ ಹುಡುಗಿಗೆ ಹೇಳುವುದು ಚಿಕಿತ್ಸೆಯಲ್ಲ. ನೋವಿನ ಮೇಲೆ ಇನ್ನೊಂದು ಹೊರೆ ಹೇರುವುದು.

ನೋವಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಅಪನಂಬಿಕೆ ಹುಟ್ಟುವುದು ಅಲ್ಲಿಂದಲೇ. ಹೊಟ್ಟೆಯೊಳಗಿನ ಈ ಅಂಗಾಂಶವೂ ಚಕ್ರಕ್ಕೆ ತಕ್ಕಂತೆ ಊದಿಕೊಂಡು ರಕ್ತ ಸುರಿಸಬಹುದು, ಆದರೆ ಆ ರಕ್ತಕ್ಕೆ ಹೊರಹೋಗಲು ದಾರಿಯಿಲ್ಲ. ಸುತ್ತಲೂ ಉರಿಯೂತವಾಗುತ್ತದೆ, ಕಾಲಕ್ರಮೇಣ ನಾರಿನಂಥ ಎಳೆಗಳು ಬೆಳೆದು ಅಂಡಾಶಯ, ಕರುಳು, ಗರ್ಭಕೋಶ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ವರ್ಷಗಟ್ಟಲೆ ಒಂದೇ ದಾರಿಯಲ್ಲಿ ನೋವಿನ ಸಂದೇಶ ಹೋಗಿ ಹೋಗಿ ಬೆನ್ನುಹುರಿ ಮತ್ತು ಮಿದುಳು ಅತಿಸೂಕ್ಷ್ಮವಾಗುತ್ತವೆ, ಆಮೇಲೆ ಸಣ್ಣ ಪ್ರಚೋದನೆಯೂ ದೊಡ್ಡ ನೋವಾಗಿ ಕೇಳಿಸುತ್ತದೆ. ವೈದ್ಯರು ಈ ಕಾಯಿಲೆಯನ್ನು ಒಂದರಿಂದ ನಾಲ್ಕರವರೆಗೆ ಹಂತಗಳಾಗಿ ವಿಂಗಡಿಸುತ್ತಾರೆ, ಆದರೆ ಆ ಹಂತಕ್ಕೂ ನೋವಿನ ತೀವ್ರತೆಗೂ ತಾಳೆಯಾಗುವುದಿಲ್ಲ. ನಾಲ್ಕನೇ ಹಂತದ ಕೆಲವರಿಗೆ ನೋವೇ ಇರುವುದಿಲ್ಲ, ಮೊದಲ ಹಂತದವರು ನೆಲ ಹಿಡಿದು ಮಲಗಬಹುದು.

ಅಕ್ಕನ ಮಗಳು ರಾತ್ರಿ ಎರಡು ಗಂಟೆಗೆ ಅಡುಗೆಮನೆಯ ತಣ್ಣನೆಯ ನೆಲದ ಮೇಲೆ, ಸಿಂಕಿನ ಕೆಳಗಿನ ಕಟ್ಟೆಗೆ ಬೆನ್ನು ಕೊಟ್ಟು, ಬಿಸಿನೀರಿನ ಬ್ಯಾಗನ್ನು ಹೊಟ್ಟೆಗೆ ಒತ್ತಿ ಹಿಡಿದು ಕೂತಿರುತ್ತಿದ್ದಳು. ಮಂಚದ ಮೇಲೆ ಮಲಗಿದರೆ ಪಕ್ಕದಲ್ಲಿರುವ ತಂಗಿಗೆ ಎಚ್ಚರವಾಗುತ್ತದೆ ಎಂಬುದು ಅವಳ ಚಿಂತೆ. ಬ್ಯಾಗಿನ ಬಿಸಿ ತಾಗಿ ತಾಗಿ ಹೊಟ್ಟೆಯ ಚರ್ಮದ ಮೇಲೆ ಬಲೆ ಹೆಣೆದಂಥ ಕಂದು ಗುರುತು ಬಿದ್ದಿತ್ತು. ಕೊನೆಗೆ ನಮಗೆ ಸಿಕ್ಕಿದ ವೈದ್ಯೆ ಪರೀಕ್ಷಿಸುವಾಗ ಮೊದಲು ನೋಡಿದ್ದು ಆ ಗುರುತನ್ನೇ. ಆಮೇಲೆ ಅವರು, ಅಲ್ಲಿಯವರೆಗೆ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದರು: “ಮುಟ್ಟಿನ ದಿನಗಳಲ್ಲಿ ಟಾಯ್ಲೆಟ್ಟಿಗೆ ಹೋದಾಗ ನೋವಾಗುತ್ತದೆಯೇನಮ್ಮಾ?” ಅವಳು ಅಮ್ಮನ ಮುಖ ನೋಡಿ, ತಲೆ ತಗ್ಗಿಸಿ, ಹೌದೆಂದಳು. ಆ ‘ಹೌದು’ ಐದು ಸ್ಕ್ಯಾನಿಂಗ್‌ಗಳು ಹೇಳದ್ದನ್ನು ಹೇಳಿತು. ಮುಟ್ಟಿನ ವೇಳೆ ಮಲ ಅಥವಾ ಮೂತ್ರ ವಿಸರ್ಜಿಸುವಾಗ ಆಗುವ ನೋವು, ದಾಂಪತ್ಯದ ಸಂಪರ್ಕದ ವೇಳೆ ಆಳದಲ್ಲಿ ಆಗುವ ನೋವು, ಮುಟ್ಟಿಲ್ಲದ ದಿನಗಳಲ್ಲೂ ಕಿಬ್ಬೊಟ್ಟೆಯಲ್ಲಿ ಕಾಡುವ ನೋವು, ಶಾಲೆ ಕಾಲೇಜು ಕೆಲಸ ತಪ್ಪಿಸುವಷ್ಟು ತೀವ್ರವಾದ ಮುಟ್ಟಿನ ನೋವು ಈ ಕಾಯಿಲೆಯತ್ತ ಬೆರಳು ತೋರುವ ಮುಖ್ಯ ಲಕ್ಷಣಗಳು.

ಲಕ್ಷಣ ಶುರುವಾದಂದಿನಿಂದ ಕಾಯಿಲೆ ಪತ್ತೆಯಾಗುವವರೆಗೆ 4ರಿಂದ 12 ವರ್ಷ ಹಿಡಿಯುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಈ ವಿಳಂಬಕ್ಕೆ ನಮ್ಮಲ್ಲಿ ಒಂದು ವಿಶೇಷ ಕಾರಣವೂ ಸೇರಿಕೊಳ್ಳುತ್ತದೆ. ಮದುವೆಯಾಗದ ಹುಡುಗಿಯರಿಗೆ ಸಾಮಾನ್ಯವಾಗಿ ನೀರು ಕುಡಿಸಿ, ಹೊಟ್ಟೆಯ ಮೇಲಿನಿಂದ ಮಾತ್ರ ಸ್ಕ್ಯಾನಿಂಗ್ ಮಾಡುತ್ತಾರೆ. ಯೋನಿಮಾರ್ಗದ ಮೂಲಕ ಮಾಡುವ ಸ್ಕ್ಯಾನಿಂಗ್‌ನಲ್ಲಿ ಅನುಭವಿಗಳ ಕಣ್ಣಿಗೆ ಬೀಳುವ ಗಡ್ಡೆ, ಅಂಟಿಕೊಂಡಿರುವ ಕರುಳು ಇದರಲ್ಲಿ ತಪ್ಪಿಹೋಗುವ ಸಂಭವ ಹೆಚ್ಚು. ಅದು ಬೇಡವೆನಿಸಿದರೆ ಎಂಆರ್‌ಐ ಮಾಡಿಸುವ ದಾರಿ ಇದೆ. ಯಾವ ಸ್ಕ್ಯಾನಿಂಗ್ ಆದರೂ ಉದರಪೊರೆಯ ಮೇಲಿನ ಸಣ್ಣ ಚುಕ್ಕೆಗಳನ್ನು ತೋರಿಸದೇ ಇರಬಹುದು, ಹಾಗಾಗಿ ‘ನಾರ್ಮಲ್’ ಎಂಬ ರಿಪೋರ್ಟು ‘ಕಾಯಿಲೆ ಇಲ್ಲ’ ಎಂಬ ತೀರ್ಪಲ್ಲ. ಸಿಎ-125 ಎಂಬ ರಕ್ತಪರೀಕ್ಷೆಯಿಂದಲೂ ಇದು ಇತ್ಯರ್ಥವಾಗುವುದಿಲ್ಲ. ಒಂದು ಕಾಲದಲ್ಲಿ ಲ್ಯಾಪರೊಸ್ಕೋಪಿ ಮಾಡಿ ಕಣ್ಣಾರೆ ಕಂಡ ಮೇಲಷ್ಟೇ ಕಾಯಿಲೆಯನ್ನು ಹೆಸರಿಸುವ ರೂಢಿಯಿತ್ತು. 2022ರಲ್ಲಿ ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘ ಹೊರತಂದ ಮಾರ್ಗಸೂಚಿ ಆ ಪಟ್ಟನ್ನು ಸಡಿಲಿಸಿ, ಲಕ್ಷಣಗಳ ಆಧಾರದ ಮೇಲೆಯೇ ಔಷಧ ಆರಂಭಿಸಬಹುದು ಎಂದಿತು. ಹತ್ತು ವರ್ಷ ಕಾಯುವವರ ಪಾಲಿಗೆ ಇದು ಬಹುದೊಡ್ಡ ಬದಲಾವಣೆ.

ಬೆಂಗಳೂರಿನಲ್ಲಿ ಈ ಮಾತು ಈಗ ಇನ್ನೊಂದು ಕಾರಣಕ್ಕೆ ಮುನ್ನೆಲೆಗೆ ಬಂದಿದೆ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ಸರ್ಕಾರಿ ಕಚೇರಿಗಳಿಂದ ಹಿಡಿದು ಗಾರ್ಮೆಂಟ್ಸ್, ಐಟಿ ಸೇರಿದಂತೆ ಖಾಸಗಿ ವಲಯದವರೆಗೆ ದುಡಿಯುವ ಮಹಿಳೆಯರಿಗೆ ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಋತುಚಕ್ರ ರಜೆ ನೀಡುವ ನೀತಿಗೆ ಒಪ್ಪಿಗೆ ಕೊಟ್ಟಿತು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಮೆಷಿನ್ನಿನ ಮುಂದೆ ಕೂತು, ಗಂಟೆಗೆ ಇಷ್ಟು ಪೀಸು ಎಂಬ ಲೆಕ್ಕಕ್ಕೆ ಹೊಲಿಯುವ ಹೆಣ್ಣುಮಗಳಿಗೆ ಆ ಒಂದು ದಿನ ಎಷ್ಟು ದೊಡ್ಡದು ಎಂಬುದನ್ನು ನಾನು ಅಲ್ಲಗಳೆಯಲಾರೆ. ಈ ನೀತಿಯನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಎಂಡೊಮೆಟ್ರಿಯೋಸಿಸ್ ಇರುವವರ ನೋವು ಒಂದು ದಿನಕ್ಕೆ ಮುಗಿಯುವುದಿಲ್ಲ. ಪ್ರತಿ ತಿಂಗಳೂ ಮಲಗಲೇಬೇಕಾಗುವಷ್ಟು ನೋವಿರುವವಳಿಗೆ ರಜೆಯ ಜೊತೆಗೆ ತಪಾಸಣೆಯೂ ಬೇಕು. ರಜೆಯ ಅರ್ಜಿ ಸಲೀಸಾಗಿ ಮಂಜೂರಾಗುತ್ತಾ, ನೋವು ಮಾತ್ರ ಯಾರೂ ವಿಚಾರಿಸದೆ ಉಳಿದರೆ ಕಾಯಿಲೆ ಒಳಗೇ ಬೆಳೆಯುತ್ತದೆ. ಶಾಲೆಗಳಲ್ಲಿ ಪ್ಯಾಡ್ ಹಂಚುವ ಶುಚಿ ಯೋಜನೆ ನಮ್ಮ ರಾಜ್ಯದಲ್ಲಿದೆ. ಪ್ಯಾಡ್ ಕೊಡುವ ಕೈಯೇ ‘ನೋವಿನಿಂದ ಎಷ್ಟು ದಿನ ಶಾಲೆ ತಪ್ಪುತ್ತದೆ’ ಎಂದು ಕೇಳಿ ಬರೆದುಕೊಳ್ಳುವಂತಾದರೆ ಖರ್ಚು ಹೆಚ್ಚೇನೂ ಇಲ್ಲ, ವರ್ಷಗಳೇ ಉಳಿಯುತ್ತವೆ.

ಚಿಕಿತ್ಸೆಯ ವಿಷಯದಲ್ಲಿ ಸುಳ್ಳು ಭರವಸೆ ಬೇಡ: ಇದನ್ನು ಬೇರುಸಹಿತ ಕೀಳುವ ಮದ್ದು ಇಲ್ಲ, ಹಿಡಿತದಲ್ಲಿಡುವ ಮದ್ದುಗಳಿವೆ. ನೋವಿನ ಮಾತ್ರೆಗಳು ಮೊದಲ ಮೆಟ್ಟಿಲು. ಇಲ್ಲಿಯೂ ಎಚ್ಚರ ಬೇಕು, ಮುಟ್ಟಿನ ನೋವಿಗೆ ನಮ್ಮಲ್ಲಿ ಎಲ್ಲರೂ ಬಳಸುವ ಮೆಫೆನಮಿಕ್ ಆಮ್ಲದಿಂದ ಅಪರೂಪಕ್ಕೆ ತೀವ್ರವಾದ ಅಲರ್ಜಿ ಉಂಟಾಗಬಹುದೆಂದು ಭಾರತೀಯ ಔಷಧಸಂಹಿತೆ ಆಯೋಗ 2023ರ ನವೆಂಬರ್‌ನಲ್ಲಿ ಎಚ್ಚರಿಸಿದೆ. ಮೈಮೇಲೆ ಗಂದೆ, ಜ್ವರ ಬಂದರೆ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಡೈನೊಜೆಸ್ಟ್‌ನಂಥ ಪ್ರೊಜೆಸ್ಟರಾನ್ ಮಾದರಿಯ ಮಾತ್ರೆ, ಗರ್ಭನಿರೋಧಕ ಮಾತ್ರೆಗಳು, ಹಾರ್ಮೋನಿರುವ ಗರ್ಭಕೋಶದ ಸಾಧನ ಇವು ಈಸ್ಟ್ರೊಜೆನ್ನಿನ ಆಟವನ್ನು ತಗ್ಗಿಸುತ್ತವೆ. ಮದುವೆಯಾಗದ ಮಗಳಿಗೆ ಗರ್ಭನಿರೋಧಕ ಮಾತ್ರೆ ಬರೆದರೆ ಗಾಬರಿಯಾಗುವ ತಾಯಂದಿರು ತಿಳಿಯಬೇಕಾದದ್ದಿಷ್ಟೇ: ಅದು ಇಲ್ಲಿ ಈ ಕಾಯಿಲೆಗೆ ಕೊಡುವ ಔಷಧ. ಔಷಧಕ್ಕೆ ಬಗ್ಗದಿದ್ದಾಗ ಶಸ್ತ್ರಚಿಕಿತ್ಸೆ ಮಾಡಿ ಆ ಅಂಗಾಂಶವನ್ನು ತೆಗೆಯುತ್ತಾರೆ, ಆದರೂ ಅದು ಮರುಕಳಿಸುವುದು ವಿರಳವಲ್ಲ. ಅಂಡಾಶಯದ ಗಂಟು ತೆಗೆಯುವಾಗ ಅಂಡಗಳ ಸಂಗ್ರಹವೂ ಕುಗ್ಗಬಹುದಾದ್ದರಿಂದ, ಮಕ್ಕಳು ಬೇಕೆನ್ನುವವರು ಈ ವಿಷಯವನ್ನು ಮೊದಲೇ ಮಾತಾಡಿಕೊಳ್ಳಬೇಕು.

‘ಗರ್ಭಕೋಶ ತೆಗೆಸಿಬಿಡಿ, ಪೀಡೆ ತೊಲಗುತ್ತದೆ’ ಎಂಬ ಸಲಹೆ ನಮ್ಮಲ್ಲಿ ಬಲು ಬೇಗ ಬಾಯಿಗೆ ಬರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 3.3ರಷ್ಟು ಮಂದಿ ಈಗಾಗಲೇ ಗರ್ಭಕೋಶ ತೆಗೆಸಿಕೊಂಡಿದ್ದಾರೆ, ಅದಕ್ಕೆ ಅವರು ಹೇಳಿದ ಮುಖ್ಯ ಕಾರಣ ಅತಿಯಾದ ರಕ್ತಸ್ರಾವ ಮತ್ತು ನೋವು. ಕಾಯಿಲೆ ಇರುವುದೇ ಗರ್ಭಕೋಶದ ಹೊರಗೆ ಎಂದ ಮೇಲೆ, ಹೊರಗಿನದನ್ನು ಹಾಗೇ ಬಿಟ್ಟು ಗರ್ಭಕೋಶವನ್ನು ಮಾತ್ರ ತೆಗೆದರೆ ನೋವು ಉಳಿಯಬಹುದು ಎಂಬುದನ್ನು ಆಪರೇಷನ್‌ಗೆ ಸಹಿ ಹಾಕಿಸಿಕೊಳ್ಳುವ ಮುನ್ನ ಪ್ರತಿಯೊಬ್ಬ ಮಹಿಳೆಗೂ ಬಿಡಿಸಿ ಹೇಳಬೇಕು.

ಅಕ್ಕನ ಮಗಳಿಗೆ ಲ್ಯಾಪರೊಸ್ಕೋಪಿ ಆಗಿ ಎರಡು ವರ್ಷವಾಯಿತು. ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತಾಳೆ, ವೈಟ್‌ಫೀಲ್ಡಿಗೆ ಮೆಟ್ರೊದಲ್ಲಿ ಹೋಗಿಬರುತ್ತಾಳೆ. ನೋವು ಪೂರ್ತಿ ಹೋಗಿಲ್ಲ. ಅಡುಗೆಮನೆಯ ಗೋಡೆಯಲ್ಲಿರುವ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಮೇಲೆ, ಹಾಲಿನ ಲೆಕ್ಕ ಮತ್ತು ಗ್ಯಾಸ್ ಸಿಲಿಂಡರ್ ಬಂದ ತಾರೀಖಿನ ಪಕ್ಕದಲ್ಲಿ, ನೋವಿರುವ ದಿನಗಳಿಗೆ ಅಕ್ಕ ಪೆನ್ಸಿಲಿನಿಂದ ಚುಕ್ಕೆ ಇಡುತ್ತಾಳೆ. ಹಾಗೆ ಬರೆದಿಡಿ ಎಂದು ಹೇಳಿದವರು ಆ ವೈದ್ಯೆಯೇ. ಮೊದಲ ಭೇಟಿಯಲ್ಲಿ ಅವರು ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗುತ್ತಿತ್ತೇ ಎಂದು ಕೇಳಿದಾಗ ಅಕ್ಕ ಇಲ್ಲವೆಂದಿದ್ದಳು. ಮೂರನೇ ಭೇಟಿಯಲ್ಲಿ, ಫೈಲನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೂ ಹೀಗೇ ಆಗುತ್ತಿತ್ತು ಡಾಕ್ಟ್ರೇ, ಎಲ್ಲರಿಗೂ ಹೀಗೇ ಅಂದುಕೊಂಡಿದ್ದೆ” ಎಂದಳು. ನಾನು ಅವಳ ತಂಗಿ, ಒಂದೇ ಮನೆಯಲ್ಲಿ ಇಪ್ಪತ್ತು ವರ್ಷ ಜೊತೆಗೆ ಬೆಳೆದವಳು, ಆ ಮಾತನ್ನು ಕೇಳಿದ್ದು ಅದೇ ಮೊದಲು. ವೈದ್ಯೆ ಅದನ್ನು ಬರೆದುಕೊಂಡು, ಕಿರಿಯ ಮಗಳ ವಯಸ್ಸೆಷ್ಟು ಎಂದು ಕೇಳಿದರು. ಈಗ ಆ ಕ್ಯಾಲೆಂಡರಿನಲ್ಲಿ ಪೆನ್ಸಿಲಿನ ಚುಕ್ಕೆಗಳ ಜೊತೆಗೆ ಕೆಂಪು ಬಣ್ಣದ ಚುಕ್ಕೆಗಳೂ ಇವೆ. ಅವು ಚಿಕ್ಕವಳವು, ಅವಳಿಗೆ ಈ ಜೂನ್‌ಗೆ ಹದಿನಾರು.